ಕೀವು ಬಂದ ದಿನ

ಆಸ್ಪತ್ರೆಯಲ್ಲಿ ಅವಳಿಗೆ ಗೆರೆಯಮ್ಮ ಎಂದು ಹೆಸರು. ಎದುರಿಗೆ ಹಾಗೆ ಕರೆಯುವ ಗುಂಡಿಗೆ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಕರೆಯದವರೂ ಇರಲಿಲ್ಲ. ರಕ್ತ ತುಂಬುವ ಟ್ಯೂಬಿನ ಮೇಲೆ ಇಲ್ಲಿಯವರೆಗೆ ತುಂಬಬೇಕು ಎಂದು ಒಂದು ಸಣ್ಣ ಗೆರೆ ಇರುತ್ತದಲ್ಲ, ರಕ್ತ ಅದಕ್ಕಿಂತ ಕೂದಲೆಳೆಯಷ್ಟು ಕೆಳಗಿದ್ದರೂ ಈಯಮ್ಮ ಟ್ಯೂಬನ್ನು ವಾಪಸ್ ಕಳಿಸುತ್ತಿದ್ದಳು, ಜೊತೆಗೊಂದು ಕೆಂಪು ಚೀಟಿ. ರೋಗಿ ಮುದುಕನೋ ಹಸುಗೂಸೋ, ಇನ್ನೊಮ್ಮೆ ಚುಚ್ಚಿಸಿಕೊಳ್ಳುವ ತ್ರಾಣ ಇದೆಯೋ ಇಲ್ಲವೋ, ಅದು ಅವಳಿಗೆ ಸಂಬಂಧಪಟ್ಟದ್ದಲ್ಲ. ನಿಯಮ ಅಂದರೆ ನಿಯಮ. ಹತ್ತೊಂಬತ್ತು ವರ್ಷದಲ್ಲಿ ಅವಳ ಲ್ಯಾಬಿನಿಂದ ಹೋದ ಒಂದು ವರದಿಯೂ ತಪ್ಪಾಗಿರಲಿಲ್ಲ, ಆ ಜಂಬ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಕೆಂಪು ಚೀಟಿಗಳಲ್ಲಿ ಮುಕ್ಕಾಲು ಪಾಲು ಹೋಗುತ್ತಿದ್ದದ್ದು ಒಬ್ಬಳಿಗೇ, ಕೆಳಗಿನ ಮಹಡಿಯಲ್ಲಿ ರಕ್ತ ತೆಗೆಯುವ ಕೋಣೆಯಲ್ಲಿ ಕೂರುವ ನಾದಿನಿಗೆ. ಗಂಡನ ಸ್ವಂತ ತಂಗಿ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಅತ್ತಿಗೆಯದು ಕೆಳಗೆ, ನಾದಿನಿಯದು ಮೇಲೆ, ಒಲೆ ಬೇರೆ ಬೇರೆ, ಮೆಟ್ಟಿಲು ಮಾತ್ರ ಒಂದೇ. ಮೆಟ್ಟಿಲಲ್ಲಿ ಎದುರಾದರೆ ಒಬ್ಬಳು ಗೋಡೆ ನೋಡುತ್ತಾಳೆ, ಇನ್ನೊಬ್ಬಳು ಚಪ್ಪಲಿ ನೋಡುತ್ತಾಳೆ. ಮೂರು ವರ್ಷದಿಂದ ಮಾತಿಲ್ಲ, ಕತೆಯಿಲ್ಲ.

ಕಾರಣ ಸಣ್ಣದಲ್ಲ. ನಾದಿನಿಗೆ ಒಂದು ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಹುಡುಗನ ತಾಯಿ ಗೆರೆಯಮ್ಮನಿಗೆ ಫೋನು ಮಾಡಿ, “ನೀವು ಲ್ಯಾಬಿನವರು, ನಿಮಗೆ ಗೊತ್ತಿರತ್ತೆ, ಹುಡುಗಿಗೆ ಏನಾದ್ರೂ ಕಾಯಿಲೆ ಇದೆಯಾ?” ಎಂದು ಕೇಳಿದಳು. “ಸಕ್ಕರೆ ಇದೆ. ಹದಿನೇಳನೇ ವಯಸ್ಸಿಂದ ಇನ್ಸುಲಿನ್ ಚುಚ್ಕೋತಾಳೆ,” ಎಂದಳು ಈಕೆ. ಅಷ್ಟೇ. ಸಂಬಂಧ ಮುರಿದುಬಿತ್ತು. ನಾದಿನಿ ಮನೆ ಹಾರಿಹೋಗುವಂತೆ ಕಿರುಚಾಡಿದಳು. ಗೆರೆಯಮ್ಮ ಕಡ್ಡಿ ಮುರಿದಂತೆ, “ಕೇಳಿದ್ರು, ಇದ್ದದ್ದು ಹೇಳಿದೆ,” ಅಂದಳು. ಗಂಡನೆಂಬ ಪ್ರಾಣಿ ಟಿವಿಯ ಶಬ್ದ ಜಾಸ್ತಿ ಮಾಡಿಕೊಂಡು ಕೂತ.

ಅಷ್ಟಕ್ಕಾದರೂ ನಿಂತಿತೇ? ನಾದಿನಿಗೆ ರಕ್ತ ತೆಗೆಯಲು ಬರುವುದಿಲ್ಲ ಎಂದು ಗೆರೆಯಮ್ಮ ಎರಡು ಸಲ ದೂರು ಬರೆದುಕೊಟ್ಟಳು. ಎರಡು ಸಲವೂ ವಿಚಾರಣೆಯಾಗಿ, ಇದರಲ್ಲಿ ಹುರುಳಿಲ್ಲ ಎಂದು ಫೈಲು ಮುಚ್ಚಿದರು. ಅವಳನ್ನು ಇಲ್ಲಿಂದ ಕಿತ್ತು ಹಾಕಿಸದೆ ಬಿಡೋದಿಲ್ಲ ಎಂದು ಊಟದ ಕೋಣೆಯಲ್ಲಿ ನಾಲ್ಕು ಜನರ ಮುಂದೆ ಆಡಿಕೊಂಡದ್ದೂ ಉಂಟು. ಆಡಿದ ಮಾತು ಆಸ್ಪತ್ರೆ ತುಂಬ ಸುತ್ತಿತು, ಉಪ್ಪುಖಾರ ಹಚ್ಚಿಸಿಕೊಂಡು.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಗೆರೆಯಮ್ಮ ಮಕ್ಕಳ ವಾರ್ಡಿಗೆ ಹೋದದ್ದು ಒಂದು ಸಹಿಗಾಗಿ. ಒಂಬತ್ತನೇ ಹಾಸಿಗೆಯಲ್ಲಿ ನಾಲ್ಕು ವರ್ಷದ ಪುಟ್ಟಿ ಮಲಗಿದ್ದಳು. ಪಕ್ಕದಲ್ಲಿ ತಾಯಿ. ಬಸ್ಸಿನ ಕಂಡಕ್ಟರಮ್ಮ, ಖಾಕಿ ಅಂಗಿಯಲ್ಲೇ ಬಂದು ಇಪ್ಪತ್ತೆರಡು ದಿನದಿಂದ ಅಲ್ಲೇ ಬಿಡಾರ ಹೂಡಿದ್ದಳು. ವಾರ್ಡಿನವರನ್ನೆಲ್ಲ ಗದರಿಸಿ ಗದರಿಸಿ ಅವಳ ಗಂಟಲು ಕಟ್ಟಿತ್ತು.

ಆ ಮಗುವಿನ ಕಾಯಿಲೆಯ ಹೆಸರು ಬರೆದದ್ದು ಹಿರಿಯ ಡಾಕ್ಟರಾದರೂ, ಬರೆಯುವುದಕ್ಕೆ ಪುರಾವೆ ಕೊಟ್ಟವಳು ಗೆರೆಯಮ್ಮನೇ. ವಿಷಯ ಇಷ್ಟು. ನಮ್ಮ ನಾಳಗಳಲ್ಲಿ ರಕ್ತ ನಿಂತ ನೀರಲ್ಲ, ರಭಸದ ಹರಿವು. ರೋಗದ ಜೊತೆ ಹೊಡೆದಾಡುವ ಬಿಳಿ ಕಣಗಳು ಆ ಹರಿವಿನಲ್ಲಿ ತೇಲಿ ಹೋಗುತ್ತಿರುತ್ತವೆ. ಎಲ್ಲೋ ಗಾಯವಾಯಿತು, ಕ್ರಿಮಿ ಹೊಕ್ಕಿತು ಅನ್ನಿ. ಅಲ್ಲಿಯ ನಾಳದ ಒಳಗೋಡೆ ಅಂಟು ಪ್ರೋಟೀನುಗಳನ್ನು ಹೊರಚಾಚುತ್ತದೆ. ಬಿಳಿ ಕಣದ ಮೈಮೇಲೆ ಅವಕ್ಕೆ ಹೊಂದುವ ಕೈಗಳಿರುತ್ತವೆ. ಕಣ ಗೋಡೆಗೆ ತಾಗಿ ಉರುಳುತ್ತದೆ, ನಿಧಾನವಾಗುತ್ತದೆ, ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ, ಆಮೇಲೆ ಗೋಡೆಯ ಸಂದಿಯಲ್ಲಿ ನುಸುಳಿ ಗಾಯಕ್ಕೆ ಇಳಿಯುತ್ತದೆ. ಈ ಅಂಟು ಅತಿಯಾದರೆ ಕೀಲು ಊದುತ್ತದೆ, ನಾಳದ ಗೋಡೆ ದಪ್ಪಗಟ್ಟುತ್ತದೆ. ಅಂಟೇ ಇಲ್ಲದಿದ್ದರೆ ಕಣಗಳು ಸಾಲುಗಟ್ಟಿ ಓಡುತ್ತಲೇ ಇರುತ್ತವೆ, ಇಳಿಯಲಾರವು; ತರಚು ಗಾಯವೂ ಜೀವ ತೆಗೆಯುತ್ತದೆ.

ಎರಡು ವಾರದೊಳಗೆ ಉದುರಬೇಕಾದ ಹೊಕ್ಕುಳ ಬಳ್ಳಿ ಪುಟ್ಟಿಗೆ ಉದುರಿದ್ದು ಐದನೇ ವಾರಕ್ಕೆ. ಒಸಡಿನ ಹುಣ್ಣು ವಾಸಿಯಾಗುತ್ತಿರಲಿಲ್ಲ, ಕಿವಿಯಿಂದ ತಿಳಿನೀರು ಸೋರುವುದು ನಿಲ್ಲುತ್ತಿರಲಿಲ್ಲ. ಹಿರಿಯ ಡಾಕ್ಟರಿಗೆ ಅನುಮಾನ ಬಂತು. ಗೆರೆಯಮ್ಮ ಅಂಟು ಪ್ರೋಟೀನು ಸವರಿದ ಗಾಜಿನ ಸಣ್ಣ ಓಣಿಯಲ್ಲಿ ಮಗುವಿನ ರಕ್ತ ಹರಿಸಿ, ಸೂಕ್ಷ್ಮದರ್ಶಕದ ಕೆಳಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಹೋಲಿಕೆಗೆ ತನ್ನದೇ ರಕ್ತ ಹರಿಸಿದಾಗ ಕಣಗಳು ಕಚ್ಚಿಕೊಂಡು ನಿಂತವು. ಮಗುವಿನವು ಒಂದಾದರೂ ನಿಲ್ಲಲಿಲ್ಲ. ಕೈಗಳ ಸಂಖ್ಯೆ ಸರಿಯಿದೆ, ಹಿಡಿಯುವ ಶಕ್ತಿ ಇಲ್ಲ ಎಂದು ವರದಿ ಹೋಯಿತು. ಅಪರೂಪದಲ್ಲಿ ಅಪರೂಪದ ಕಾಯಿಲೆ. ಮದ್ದು ಒಂದೇ: ಮಗುವಿನ ಮೂಳೆ ಮಜ್ಜೆಯನ್ನು ಔಷಧಿ ಕೊಟ್ಟು ಪೂರಾ ಸುಟ್ಟು, ಅಣ್ಣನ ಮಜ್ಜೆ ತುಂಬುವುದು. ಹತ್ತು ಮಕ್ಕಳಲ್ಲಿ ಒಂದೆರಡು ಆ ಹಾದಿಯಲ್ಲೇ ಮುಗಿಯುತ್ತವೆ. ಮೊದಲ ಔಷಧಿ ಆ ದಿನ ಮಧ್ಯಾಹ್ನ ನಾಲ್ಕಕ್ಕೆ.

ಗೆರೆಯಮ್ಮ ಸಹಿಗಾಗಿ ಕಾಯುತ್ತ ನಿಂತಿದ್ದಾಗ ಕಂಡಕ್ಟರಮ್ಮ ಮಗುವಿನ ತೊಡೆಯ ಮೇಲಿದ್ದ ಬೊಕ್ಕೆಯನ್ನು ಹತ್ತಿಯಿಂದ ಒರೆಸುತ್ತಿದ್ದಳು. “ನೋಡಿ ಇಲ್ಲಿ, ಇದೂ ಒಡೆದು ಸೋರ್ತಿದೆ. ಎರಡು ಸಲ ಕರೆದೆ, ಒಬ್ಬ ನರ್ಸಮ್ಮನೂ ತಿರುಗಿ ನೋಡಲಿಲ್ಲ,” ಎಂದು ಹತ್ತಿಯನ್ನು ಗೆರೆಯಮ್ಮನ ಮುಖದ ಹತ್ತಿರ ಹಿಡಿದಳು.

ಹತ್ತಿಯ ತುಂಬ ದಪ್ಪನೆಯ ಹಳದಿ ಕೀವು.

ಗೆರೆಯಮ್ಮ ಹತ್ತಿಯನ್ನೇ ನೋಡಿದಳು. ಕೀವು ಎಂದರೇನು? ಗಾಯಕ್ಕೆ ಇಳಿದು, ಹೊಡೆದಾಡಿ ಸತ್ತ ಬಿಳಿ ಕಣಗಳ ರಾಶಿ. ಕಣಗಳು ನಾಳ ಬಿಟ್ಟು ಇಳಿಯಲಾರವು ಎಂದು ಸಹಿ ಹಾಕಿದವಳು ಅವಳು. ಹಾಗಾದರೆ ಇದು ಎಲ್ಲಿಂದ ಬಂತು?

“ಏನು ಹಾಗೆ ನೋಡ್ತಾ ನಿಂತ್ರಿ?” ಎಂದಳು ಕಂಡಕ್ಟರಮ್ಮ. “ಅಸಹ್ಯ ಆಯ್ತಾ?”

ಗೆರೆಯಮ್ಮ ಹೊರಬಿದ್ದಳು. ಸಹಿಯ ಕಾಗದ ಅಲ್ಲೇ ಉಳಿಯಿತು.

ಲ್ಯಾಬಿನ ಫ್ರೀಜರಿನಲ್ಲಿ ಅವಳು ಎಲ್ಲ ಮಾದರಿಗಳಿಂದಲೂ ಒಂದಿಷ್ಟು ರಕ್ತದ್ರವ ಎತ್ತಿಡುತ್ತಿದ್ದಳು. ಪುಟ್ಟಿಯದನ್ನು ಹುಡುಕಿ ತೆಗೆದಳು. ಆ ಪರೀಕ್ಷೆಗೆ ರಕ್ತ ಬರಬೇಕಾದದ್ದು ಹಸಿರು ಮುಚ್ಚಳದ ಟ್ಯೂಬಿನಲ್ಲಿ, ಬಂದದ್ದೂ ಹಸಿರಿನಲ್ಲೇ, ಗೆರೆಗೆ ಸರಿಯಾಗಿ. ಆದರೂ ಪಕ್ಕದ ಕೋಣೆಯ ಯಂತ್ರಕ್ಕೆ ಹಾಕಿ ಉಪ್ಪುಗಳನ್ನು ಅಳೆಸಿದಳು. ಕ್ಯಾಲ್ಸಿಯಂ ಎಷ್ಟು ಕಡಿಮೆಯೆಂದರೆ ಯಂತ್ರ ಅಂಕಿ ಕೊಡಲೇ ಇಲ್ಲ. ಪೊಟ್ಯಾಸಿಯಂ ಮೇಲಿನ ಮಿತಿ ದಾಟಿತ್ತು. ಇಂಥ ರಕ್ತ ನಿಜಕ್ಕೂ ಮೈಯೊಳಗೆ ಹರಿಯುತ್ತಿದ್ದರೆ ಆ ಮಗು ಎಂದೋ ಕಣ್ಣು ಮುಚ್ಚುತ್ತಿತ್ತು.

ಇದರ ಅರ್ಥ ಲ್ಯಾಬಿನಲ್ಲಿ ಆರು ತಿಂಗಳು ಕೂತವರಿಗೂ ಗೊತ್ತು. ನೇರಳೆ ಮುಚ್ಚಳದ ಟ್ಯೂಬು ಅಂತ ಇನ್ನೊಂದಿದೆ, ಕಣಗಳನ್ನು ಎಣಿಸುವುದಕ್ಕೆ. ಅದರೊಳಗೆ ಸವರಿದ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಆ ಉಪ್ಪು ರಕ್ತದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಕಚ್ಚಿ ಹಿಡಿದು ಹೆಪ್ಪಾಗದಂತೆ ತಡೆಯುತ್ತದೆ. ಬಿಳಿ ಕಣದ ಕೈಗಳು ಮುಷ್ಟಿ ಕಟ್ಟಬೇಕಾದರೆ ಅವೇ ಬೇಕು. ಯಾರೋ ನೇರಳೆ ಟ್ಯೂಬಿನ ರಕ್ತವನ್ನು ಹಸಿರು ಟ್ಯೂಬಿಗೆ ಸುರಿದಿದ್ದರು. ಕೈಗಳನ್ನು ಕಟ್ಟಿಹಾಕಿ, ನೋಡಿ ಇದು ಹಿಡಿಯುತ್ತಿಲ್ಲ ಅಂದ ಹಾಗೆ ಆಗಿತ್ತು. ರಕ್ತ ತೆಗೆದವರ ಸಹಿ ನೋಡಿದಳು. ನಾದಿನಿಯದು.

ಮೊದಲು ಬಂದದ್ದು ಸಂತೋಷವೇ. ಮುಚ್ಚಿಟ್ಟು ಏನು ಪ್ರಯೋಜನ? ಜುಟ್ಟು ಕೈಗೆ ಸಿಕ್ಕಿತು ಅನ್ನಿಸಿತು ಅವಳಿಗೆ. ಮಗುವಿನ ನೆನಪು ಬಂದದ್ದು ಅದಾದ ಮೇಲೆ.

ಎರಡಕ್ಕೆ ಕೈಗೆ ಸಿಕ್ಕ ಹಿರಿಯ ಡಾಕ್ಟರು ಅವಳ ಮಾತನ್ನು ನಿಂತುಕೊಂಡೇ ಕೇಳಿದರು, ಕೂರಿ ಅನ್ನಲಿಲ್ಲ. ಇಂಥ ರೋಗಿ ಅವರ ಕೈಗೆ ಸಿಕ್ಕಿದ್ದು ಅದೇ ಮೊದಲು. ಅದರ ಬಗ್ಗೆ ಬರೆದ ಲೇಖನದ ಕರಡು ಮೇಜಿನ ಮೇಲೆಯೇ ಇತ್ತು.

“ರಕ್ತ ತೆಗೆದವರು ಯಾರು?” ಎಂದು ಕೇಳಿದರು.

ಅವಳು ಹೇಳಿದಳು.

“ಅಂದ್ಕೊಂಡೆ,” ಎಂದು ನಕ್ಕರು. “ಇದು ಮೂರನೇ ಸಲ ಅಲ್ವಾ? ನಿಮ್ಮ ಮನೆ ಜಗಳಕ್ಕೆ ನನ್ನ ಪೇಷಂಟೇ ಬೇಕಾ?”

“ಸಾರ್, ಕೀವು ಬಂದಿದೆ. ನಾನೇ ಕಣ್ಣಾರೆ ನೋಡಿದೆ. ಇನ್ನೊಂದು ಸಲ ರಕ್ತ ತೆಗೆಸಿ, ಎರಡು ಗಂಟೆಯಲ್ಲಿ ಹೇಳ್ತೀನಿ.”

“ಬೊಕ್ಕೆ ಒಡೆದರೆ ಏನೋ ಒಂದು ಸೋರತ್ತೆ. ಮೂರು ವಾರ ಫ್ರೀಜರಲ್ಲಿ ಬಿದ್ದಿದ್ದ ದ್ರವ ತಂದು ಪೊಟ್ಯಾಸಿಯಂ ಅಂತೀರಿ, ಯಾರು ನಂಬ್ತಾರೆ? ಮಗು ಎದೆಗೆ ಕೊಳವೆ ಹಾಕಿ ಆಗಿದೆ. ಅದರ ಅಣ್ಣನಿಂದ ಮಜ್ಜೆ ತೆಗೆಯೋ ದಿನ ಗೊತ್ತಾಗಿದೆ. ವರದಿ ಕೊಟ್ಟಾಗ ನೂರಕ್ಕೆ ನೂರು ಸರಿ ಅಂತ ಎದೆ ತಟ್ಟಿ ಹೇಳಿದವರು ನೀವೇ.” ಕೋಟು ಹಾಕಿಕೊಳ್ಳುತ್ತ ಮುಂದುವರಿಸಿದರು. “ಸುರಿದವರು ಸುರಿದೆ ಅಂತ ಬರೆದು ಸಹಿ ಹಾಕಲಿ, ಆ ಕ್ಷಣ ನಿಲ್ಲಿಸ್ತೀನಿ. ಬರೀ ನಿಮ್ಮ ಮಾತಿನ ಮೇಲೆ ನಿಲ್ಲಿಸಲ್ಲ. ಹೊರಡಿ.”

ಹತ್ತೊಂಬತ್ತು ವರ್ಷದ ಹೆಸರು. ಅದನ್ನು ನಾದಿನಿಯ ಮೇಲೆ ಎರಡು ಸಲ ಖರ್ಚು ಮಾಡಿ ಮುಗಿಸಿದ್ದಳು, ಮೂರನೇ ಸಲಕ್ಕೆ ಏನೂ ಉಳಿದಿರಲಿಲ್ಲ. ಸಿಟ್ಟು ಬಂತು ಅವಳಿಗೆ. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಮಾದರಿಯಲ್ಲಿ ತಪ್ಪಾದರೆ ತುಂಬಿಸುವ ಅರ್ಜಿ ಎರಡು ಹಾಳೆಯದು. ಮೊದಲನೆಯದರಲ್ಲಿ ಏನಾಯಿತು, ಎರಡನೆಯದರಲ್ಲಿ ಯಾಕಾಯಿತು. ಅದನ್ನು ಹಿಡಿದು ರಕ್ತ ತೆಗೆಯುವ ಕೋಣೆಗೆ ಇಳಿದಾಗ ಎರಡೂವರೆ. ನಾದಿನಿ ಒಬ್ಬ ಅಜ್ಜನ ತೋಳಿಗೆ ಪಟ್ಟಿ ಅಂಟಿಸುತ್ತಿದ್ದಳು. ಅವನು ಎದ್ದು ಹೋಗುವವರೆಗೂ ಕಾದು, ಗೆರೆಯಮ್ಮ ಬಾಗಿಲು ಹಾಕಿದಳು.

“ಒಂಬತ್ತನೇ ಹಾಸಿಗೆ ಮಗುವಿನ ಹಸಿರು ಟ್ಯೂಬಿಗೆ ನೇರಳೆಯದನ್ನ ಸುರಿದೆಯಾ?”

ಮೂರು ವರ್ಷದ ಮೇಲೆ ಇಬ್ಬರ ನಡುವೆ ಆಡಿದ ಮೊದಲ ಮಾತು ಅದು.

ನಾದಿನಿ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು. ಅತ್ತಿಗೆಯ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು. “ಓಹೋ. ಅರ್ಜಿ ತಂದೇ ಬಂದಿದೀರಿ. ಬಾಯಿಬಿಡಿಸಿ ಬರೆಸ್ಕೊಂಡು ಹೋಗೋಣ ಅಂತಲಾ?”

“ಕೇಳಿದ್ದಕ್ಕೆ ಉತ್ತರ ಕೊಡು.”

“ನಾನು ಯಾವುದನ್ನೂ ಸುರಿದಿಲ್ಲ. ನಡೀರಿ.”

“ಸುಳ್ಳು ಬೊಗಳಬೇಡ. ಯಂತ್ರ ಹೇಳ್ತಿದೆ.”

“ಯಂತ್ರಕ್ಕೇ ಸಹಿ ಹಾಕ್ಸಿ ಹಾಗಾದ್ರೆ. ನನ್ನದು ವರ್ಷ ವರ್ಷ ಕಾಗದ ಬದಲಾಯಿಸೋ ಕೆಲಸ ಅತ್ತಿಗೆ. ಇದನ್ನ ಬರೆದುಕೊಟ್ಟರೆ ಸಂಜೆಯೊಳಗೆ ಮನೆಗೆ ಕಳಿಸ್ತಾರೆ. ನಿಮಗೆ ಗೊತ್ತಿಲ್ವಾ? ಗೊತ್ತಿದ್ದೇ ಬಂದಿದೀರಿ. ಮದುವೆ ಮುರಿದದ್ದಾಯ್ತು, ಈಗ ಅನ್ನ.”

ಗೆರೆಯಮ್ಮ ಬಾಯಿಗೆ ಬಂದಂತೆ ಬೈದಳು. ಕೆಲಸಗಳ್ಳಿ ಅಂದಳು, ಕೊಲೆಗಡುಕಿ ಅಂದಳು, ನಿನ್ನಂಥವಳಿಗೆ ಸೂಜಿ ಕೊಟ್ಟವರನ್ನು ಹೊಡೆಯಬೇಕು ಅಂದಳು. ನಾದಿನಿ ಕೈಕಟ್ಟಿಕೊಂಡು ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು. ಬೈಗುಳ ಮುಗಿದಾಗ ಗಡಿಯಾರ ಮೂರಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಗೆರೆಯಮ್ಮ ಅದನ್ನು ನೋಡಿದಳು. ರೋಗಿಗಳ ಕುರ್ಚಿಯಲ್ಲಿ ಕೂತಳು.

“ನಾಲ್ಕಕ್ಕೆ ಔಷಧಿ ಶುರು ಮಾಡ್ತಾರೆ,” ಎಂದಳು. “ಆ ಮಗು ಮಜ್ಜೆ ಪೂರ್ತಿ ಸುಟ್ಟುಹಾಕ್ತಾರೆ. ಆಮೇಲೆ ಇದ್ದರೆ ಇತ್ತು, ಇಲ್ಲದಿದ್ರೆ ಇಲ್ಲ. ಅದಕ್ಕೆ ಅಂಥ ಕಾಯಿಲೆ ಏನೂ ಇಲ್ಲ ಕಣೇ. ಬೆಳಿಗ್ಗೆ ಕೀವು ಬಂದಿದೆ. ಡಾಕ್ಟರು ನನ್ನ ಮಾತು ನಂಬ್ತಿಲ್ಲ. ನಿನ್ನ ಮೇಲೆ ಹೇಳಿದ್ದು ಅಂತ ನಂಬ್ತಿಲ್ಲ.”

ನಾದಿನಿ ಗೋಡೆ ಬಿಟ್ಟು ಮುಂದೆ ಬಂದಳು. “ಮಜ್ಜೆಗೆ ಅಂತ ಯಾರೂ ಹೇಳಲಿಲ್ಲ ನನಗೆ,” ಎಂದಳು. “ಯಾವುದೋ ಪರೀಕ್ಷೆ ಅಂದ್ಕೊಂಡೆ. ರಕ್ತ ರಕ್ತವೇ ಅಲ್ವಾ, ಅದೇ ಮಗುವಿಂದು.” ಗಡಿಯಾರ ನೋಡಿ, “ಕೊಡಿ ಇಲ್ಲಿ,” ಎಂದು ಹಾಳೆ ಕಿತ್ತುಕೊಂಡಳು.

ನಿಂತುಕೊಂಡೇ ಬರೆದಳು. ಎರಡೂ ಹಾಳೆ ಬರೆದು, ಎರಡರ ಕೆಳಗೂ ಸಹಿ ಹಾಕಿ, ಅತ್ತಿಗೆಯ ತೊಡೆಯ ಮೇಲೆ ಎಸೆದಳು.

ಲಿಫ್ಟಿನಲ್ಲಿ ಗೆರೆಯಮ್ಮ ಓದಿದಳು. ಮೊದಲನೆಯದರಲ್ಲಿ ಎರಡೇ ಸಾಲು: ಹಸಿರು ಟ್ಯೂಬು ತುಂಬಿರಲಿಲ್ಲ, ನೇರಳೆ ಟ್ಯೂಬಿನಿಂದ ಸುರಿದು ಭರ್ತಿ ಮಾಡಿದೆ. ಡಾಕ್ಟರಿಗೆ ಬೇಕಾದದ್ದು ಅಷ್ಟೇ. ಎರಡನೆಯ ಹಾಳೆಯಲ್ಲಿ ಹೀಗಿತ್ತು: ‘ಮಗುವಿಗೆ ನಾಲ್ಕು ಕಡೆ ಚುಚ್ಚಿ ಆಗಿತ್ತು. ತಾಯಿ ಕೈಮುಗಿದು ಸಾಕು ಎಂದರು. ಗೆರೆಗಿಂತ ಕಡಿಮೆ ಇದ್ದರೆ ಲ್ಯಾಬಿನವರು ವಾಪಸ್ ಕಳಿಸುತ್ತಾರೆ. ಹೋದ ತಿಂಗಳು ಒಂದು ಎಳೆ ಮಗುವಿನ ಟ್ಯೂಬನ್ನು ಮೂರು ಸಲ ವಾಪಸ್ ಕಳಿಸಿದರು, ಮೂರು ಸಲವೂ ಚುಚ್ಚಿದೆ. ಈ ಮಗುವಿಗೆ ಐದನೇ ಸಲ ಚುಚ್ಚಲು ನನ್ನಿಂದ ಆಗಲಿಲ್ಲ. ಲ್ಯಾಬಿನವರಿಗೆ ಹೆದರಿ ಸುರಿದೆ.’

ಆ ಪರೀಕ್ಷೆಗೆ ಅರ್ಧ ಟ್ಯೂಬು ರಕ್ತ ಸಾಕಾಗುತ್ತಿತ್ತು. ಅದು ಗೆರೆಯಮ್ಮನಿಗೆ ಗೊತ್ತಿತ್ತು, ಅವತ್ತೂ ಗೊತ್ತಿತ್ತು. ನಾದಿನಿಯ ಸಹಿ ಇರುವ ಅರ್ಧ ಟ್ಯೂಬು ಬಂದಿದ್ದರೆ ಅವಳು ಕಳಿಸದೆ ಬಿಡುತ್ತಿದ್ದಳೇ? ಬಿಡುತ್ತಿರಲಿಲ್ಲ. ಎರಡು ಹಾಳೆಗಳಿಗೆ ಇದ್ದದ್ದು ಒಂದು ಪಿನ್ನು. ಎರಡನೆಯದನ್ನು ಕಿತ್ತು ಜೇಬಿಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮಗುವೂ ಉಳಿಯುತ್ತದೆ. ಪಿನ್ನಿಗೆ ಉಗುರು ಹಾಕಿ ಸಡಿಲಿಸಿಯೂ ನೋಡಿದಳು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು, ಎದುರಿಗೇ ಹಿರಿಯ ಡಾಕ್ಟರು ಮತ್ತು ಕಂಡಕ್ಟರಮ್ಮ ನಿಂತಿದ್ದರು. ಹಿಂದೆ ನರ್ಸಿನ ಕೈಯಲ್ಲಿ ಔಷಧಿಯ ಚೀಲ.

ಎರಡೂ ಹಾಳೆಗಳನ್ನು ಕೊಟ್ಟಳು.

ಡಾಕ್ಟರು ಓದಿದರು, ಇನ್ನೊಮ್ಮೆ ಓದಿದರು. ಕಿವಿ ಕೆಂಪಾದವು. ಔಷಧಿ ಚೀಲ ವಾಪಸ್ ಇಡಲು ನರ್ಸಿಗೆ ಕೈಸನ್ನೆ ಮಾಡಿದರು. ಹಾಳೆಯಿಂದ ತಲೆ ಎತ್ತದೆಯೇ ಕೇಳಿದರು: “ಲ್ಯಾಬಿನವರಿಗೆ ಹೆದರಿ ಅಂತ ಬರೆದಿದಾರೆ. ಲ್ಯಾಬಿನವರು ಅಂದ್ರೆ ಯಾರು?”

“ನಾನು,” ಎಂದಳು ಗೆರೆಯಮ್ಮ.

ರಕ್ತವನ್ನು ಈ ಸಲ ಎದೆಯ ಕೊಳವೆಯಿಂದಲೇ ತೆಗೆದರು, ಮಗು ಅಳಲೂ ಇಲ್ಲ. ಗೆರೆಯಮ್ಮ ಗಾಜಿನ ಓಣಿಯಲ್ಲಿ ಅದನ್ನು ಹರಿಸಿದಳು. ಮೊದಲ ಕಣ ಉರುಳಿತು, ತಡೆಯಿತು, ನಿಂತಿತು. ಅದರ ಪಕ್ಕದಲ್ಲಿ ಇನ್ನೊಂದು, ಮತ್ತೆ ನಾಲ್ಕು. ಆರು ಗಂಟೆಯ ಹೊತ್ತಿಗೆ ಗೋಡೆಯುದ್ದಕ್ಕೂ ಕಣಗಳು ಕಚ್ಚಿಕೊಂಡಿದ್ದವು, ಹರಿವು ಜೋರು ಮಾಡಿದರೂ ಬಿಡಲಿಲ್ಲ. ಬಳ್ಳಿ ತಡವಾಗಿ ಉದುರುವುದು ಕೆಲವು ಮಕ್ಕಳಿಗೆ ಇದ್ದದ್ದೇ; ಪುಟ್ಟಿಗಿದ್ದದ್ದು ಬರೀ ಹಟಮಾರಿ ಒಸಡಿನ ಹುಣ್ಣು, ಬರೀ ಸೋರುವ ಕಿವಿ. ಮಾತ್ರೆಗೆ, ಹನಿ ಮದ್ದಿಗೆ ವಾಸಿಯಾಗುವಂಥದ್ದು. ಅವಳು ಕಣ್ಣೊರೆಸಿಕೊಂಡು ಎರಡು ಸಲ ಎಣಿಸಿದಳು.

ವಿಷಯ ಹೇಳಲು ತಾನೇ ವಾರ್ಡಿಗೆ ಹೋದಳು. ಕಂಡಕ್ಟರಮ್ಮ ಕೊನೆಯವರೆಗೂ ಕೇಳಿದಳು. ಖುಷಿಯಿಂದ ಅತ್ತಾಳು, ಕೈ ಹಿಡಿದಾಳು ಎಂದು ಗೆರೆಯಮ್ಮ ಒಳಗೊಳಗೇ ಕಾದಿದ್ದಳೇನೋ.

“ಇಪ್ಪತ್ತೆರಡು ದಿನ,” ಎಂದಳು ಕಂಡಕ್ಟರಮ್ಮ. “ನನ್ನ ದೊಡ್ಡ ಮಗನ್ನ ಕೂರಿಸ್ಕೊಂಡು, ನಿನ್ನ ಮೂಳೆಗೆ ಸೂಜಿ ಹಾಕ್ತಾರಪ್ಪ, ಅಳಬೇಡ, ತಂಗಿ ಉಳೀಬೇಕು ಅಂತ ಹೇಳಿದೀನಿ. ಈಗ ನಿನ್ನ ಕಾಲಿಗೆ ಬೀಳಬೇಕಾ ನಾನು? ಹೋಗು. ನನ್ನ ಕಣ್ಣ ಮುಂದೆ ನಿಲ್ಲಬೇಡ.”

ಮೂರು ದಿನದ ಮೇಲೆ ಆಫೀಸಿನ ಆದೇಶ ಬಂತು. ರಕ್ತ ತೆಗೆಯುವ ಕೋಣೆಯ ಸಿಬ್ಬಂದಿಯನ್ನು ಆ ದಿನದಿಂದಲೇ ಕೆಲಸದಿಂದ ತೆಗೆಯಲಾಗಿದೆ. ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಕಡಿಮೆ ತುಂಬಿದ ಟ್ಯೂಬುಗಳನ್ನು ಹಿಂದಕ್ಕೆ ಕಳಿಸಿದ್ದು ನಿಯಮಕ್ಕೆ ಸರಿಯಾಗಿದೆ, ಅವರ ಮೇಲೆ ಯಾವ ತಪ್ಪೂ ಕಂಡುಬಂದಿಲ್ಲ, ಸಕಾಲದಲ್ಲಿ ದೋಷ ಪತ್ತೆ ಮಾಡಿದ್ದಕ್ಕೆ ಮೆಚ್ಚುಗೆ. ಹಿರಿಯ ಡಾಕ್ಟರ ಲೇಖನದ ಬಗ್ಗೆ ಆದೇಶದಲ್ಲಿ ಒಂದಕ್ಷರವೂ ಇರಲಿಲ್ಲ. ಗೆರೆಯಮ್ಮ ಆಫೀಸಿಗೆ ಹೋಗಿ, ತಪ್ಪು ನನ್ನದೂ ಇದೆ, ಹಾಗೆಂದು ಬರೆದುಕೊಳ್ಳಿ ಎಂದಳು. ಅಲ್ಲಿದ್ದ ಗುಮಾಸ್ತ ಅವಳ ಮುಖ ನೋಡಿ, “ಯಾಕ್ ಮೇಡಂ ಇಲ್ಲದ ಉಸಾಬರಿ? ಅದಕ್ಕೆ ಕಾಲಮ್ಮೇ ಇಲ್ಲ,” ಎಂದು ಫೈಲು ಕಟ್ಟಿದ.

ಸಂಜೆ ಮನೆಗೆ ಬಂದವಳು ತನ್ನ ಬಾಗಿಲು ತೆಗೆಯದೆ ಮೆಟ್ಟಿಲು ಹತ್ತಿದಳು. ನಾದಿನಿ ಒಲೆಯ ಮುಂದೆ ನಿಂತು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಸೂಜಿ ತೆಗೆದು, ಅಂಗಿ ಇಳಿಸಿಕೊಂಡು ಬಾಗಿಲಿಗೆ ಬಂದಳು. ಗೆರೆಯಮ್ಮ ದಾರಿಯುದ್ದಕ್ಕೂ ಮಾತು ಜೋಡಿಸಿಟ್ಟುಕೊಂಡಿದ್ದಳು.

“ಪುಟ್ಟಿ ನಿನ್ನೆ ಮನೆಗೆ ಹೋಯ್ತು,” ಎಂದಷ್ಟೇ ಹೇಳಿದಳು.

“ಒಳ್ಳೇದಾಯ್ತು,” ಎಂದಳು ನಾದಿನಿ. ಬಾಗಿಲ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು: “ನಿಮಗೆ ಬೇಕಾಗಿದ್ದು ಸಿಕ್ತಲ್ಲ ಅತ್ತಿಗೆ?”

ಇಲ್ಲ ಕಣೇ, ಇದಲ್ಲ ನನಗೆ ಬೇಕಾಗಿದ್ದು ಎನ್ನಬಹುದಿತ್ತು. ಮೂರು ವರ್ಷ ಹಗಲೂ ಇರುಳೂ ಹಲ್ಲು ಕಡಿದುಕೊಂಡು ಬಯಸಿದ್ದು ಇದನ್ನೇ ಎಂದು ಇಬ್ಬರಿಗೂ ಗೊತ್ತಿತ್ತು.

“ಸಿಕ್ತು,” ಎಂದಳು ಗೆರೆಯಮ್ಮ.

ನಾದಿನಿ ತಲೆಯಾಡಿಸಿ ಬಾಗಿಲು ಹಾಕಿಕೊಂಡಳು.